ಇಪ್ಪತ್ಮೂರಕ್ಕೆ ತಡವಾಯಿತಾ?

ದೊಡ್ಡಪ್ಪ: (ಫಾರ್ವರ್ಡ್) ಎಚ್ಚರಿಕೆ! ಎಚ್‌ಪಿವಿ ಲಸಿಕೆ ಹಾಕಿಸಿಕೊಂಡ ಹುಡುಗಿಯರಿಗೆ ಮುಂದೆ ಮಕ್ಕಳಾಗುವುದಿಲ್ಲ. ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ಮನೆಯ ಹೆಣ್ಣುಮಕ್ಕಳು ತಪ್ಪದೆ ಓದಿ.

ನಾನು: ದೊಡ್ಡಪ್ಪ, ಇದು ಹಳೇ ಸುಳ್ಳು. ಎಚ್‌ಪಿವಿ ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಒಂದು ವೈರಸ್, ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್‌ಗೆ ಕಾರಣ ಇದೇ. ಅದನ್ನ ತಡೆಯುವ ಈ ಲಸಿಕೆ ಬಳಕೆಗೆ ಬಂದದ್ದು 2006ರಲ್ಲಿ. ಬಂಜೆತನಕ್ಕೂ ಇದಕ್ಕೂ ನಂಟಿದೆಯಾ ಅಂತ ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಹುಡುಕಿದ್ದಾರೆ, ಸಿಕ್ಕಿಲ್ಲ. ಅದರಲ್ಲಿರುವುದು ವೈರಸ್ಸಿನ ಹೊರಕವಚದ ಪ್ರೋಟೀನ್ ಮಾತ್ರ. ಒಳಗೆ ಡಿಎನ್‌ಎ ಇಲ್ಲ, ಹಾಗಾಗಿ ಸೋಂಕೂ ತರಲಾರದು.

ದೊಡ್ಡಪ್ಪ: ಬೆಂಕಿ ಇಲ್ಲದೆ ಹೊಗೆಯಾಡುತ್ತಾ?

ನಾನು: ವಾಟ್ಸಾಪ್‌ನಲ್ಲಿ ಆಡುತ್ತೆ.

ಪುಟ್ಟಿ: ಫಾರ್ವರ್ಡ್ ಬಿಡಿ, ಅದನ್ನ ನಾನು ನಂಬಲ್ಲ. ಆದರೆ ನನಗೆ 23. ಇದು 9ರಿಂದ 14 ವರ್ಷದವರಿಗೆ ತಾನೆ? ಈಗ ಸುಮ್ನೆ ಯಾಕೆ?

ನಾನು: ಆ ವಯಸ್ಸಿನಲ್ಲಿ ಕೊಟ್ಟರೆ ಲಾಭ ಜಾಸ್ತಿ, ನಿಜ. ವೈರಸ್ ತಗುಲುವ ಮೊದಲೇ ರಕ್ಷಣೆ ಸಿಗುತ್ತದೆ. ಹಾಗಂತ ಆಮೇಲೆ ದಂಡ ಅಂತಲ್ಲ. ಸ್ವೀಡನ್ನಿನ ಅಧ್ಯಯನವೊಂದು 2020ರಲ್ಲಿ ಬಂತು. 17 ತುಂಬುವ ಮುಂಚೆ ಹಾಕಿಸಿಕೊಂಡವರಲ್ಲಿ ಗರ್ಭಕಂಠದ ಕ್ಯಾನ್ಸರ್ 88% ಕಡಿಮೆ. 17ರಿಂದ 30ರೊಳಗೆ ಹಾಕಿಸಿಕೊಂಡವರಲ್ಲಿ 53% ಕಡಿಮೆ. ಅರ್ಧಕ್ಕಿಂತ ಹೆಚ್ಚು ಅಪಾಯ ತಪ್ಪುವುದನ್ನ ತಡವಾಯಿತು ಅಂತ ಬಿಟ್ಟುಬಿಡ್ತೀಯಾ? ಅಮೆರಿಕದಲ್ಲಿ 26ರವರೆಗೂ ಎಲ್ಲರಿಗೂ ಹಾಕಿಸಿಕೊಳ್ಳಿ ಅಂತ ಹೇಳುತ್ತಾರೆ.

ತಮ್ಮ: ನಾನು ಬಚಾವ್. ನನಗೆ ಗರ್ಭಕಂಠವೇ ಇಲ್ಲ 😄

ನಾನು: ಗಂಟಲಿದೆಯಲ್ಲ? ಗಂಟಲು, ಗುದದ್ವಾರ, ಶಿಶ್ನ, ಈ ಮೂರು ಕಡೆಯ ಕ್ಯಾನ್ಸರ್‌ಗೂ ಎಚ್‌ಪಿವಿ ಕಾರಣವಾಗುತ್ತದೆ. ಆಸ್ಟ್ರೇಲಿಯಾದಲ್ಲಿ 2013ರಿಂದಲೇ ಹುಡುಗರಿಗೂ ಕೊಡುತ್ತಿದ್ದಾರೆ.

ತಮ್ಮ: ಇದನ್ನ ಯಾರೂ ಹೇಳಲೇ ಇಲ್ಲ ನೋಡು.

ಪುಟ್ಟಿ: ನಿಜ ಹೇಳಲಾ? ವಯಸ್ಸು ಒಂದು ನೆಪ. ಈ ಲಸಿಕೆ ಕೇಳಿದರೆ ಎದುರಿಗಿರುವವರು ಮೇಲಿಂದ ಕೆಳಗೆ ನೋಡುತ್ತಾರೆ. "ಮದುವೆ ಆಗಿದೆಯಾ" ಅಂತ ಕೇಳುತ್ತಾರೆ. ನನ್ನ ಗೆಳತಿಯರು ಹೋಗದೇ ಇರುವುದೂ ಇದಕ್ಕೇ.

ಚಿಕ್ಕಮ್ಮ: ಸರಿಯಾಗಿರುವ ಹುಡುಗಿಗೆ ಇದೆಲ್ಲ ಯಾಕೆ ಬೇಕು?

ನಾನು: ಚಿಕ್ಕಮ್ಮ, ಅವಳು ಹೆದರಿದ್ದು ಈ ಮಾತಿಗೇ. ಜೀವನದಲ್ಲಿ ಒಬ್ಬನೇ ಸಂಗಾತಿ ಇದ್ದವಳಿಗೂ ಇದು ತಗುಲಬಹುದು. ಅಷ್ಟು ಸಾಮಾನ್ಯ ವೈರಸ್ ಇದು. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ, ಬಂದದ್ದೂ ಗೊತ್ತಾಗಲ್ಲ. ಕೆಲವರಲ್ಲಿ ಉಳಿದುಕೊಂಡು, ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ಆಗುತ್ತದೆ. ಅದಕ್ಕೆ ನಡತೆಯ ಲೆಕ್ಕ ಹಾಕುವುದು ಬೇಡ.

ಚಿಕ್ಕಮ್ಮ: ನಾನು ಹಾಗೆ ಹೇಳಿದ್ದಲ್ಲ.

ಪುಟ್ಟಿ: ಹಾಗೇ ಹೇಳಿದ್ರಿ ಚಿಕ್ಕಮ್ಮ.

ತಮ್ಮ: ಆಗಲೇ ವೈರಸ್ ಬಂದಿದ್ದರೆ?

ನಾನು: ಇರುವುದನ್ನ ಲಸಿಕೆ ಓಡಿಸುವುದಿಲ್ಲ. ಆದರೆ ಈ ವೈರಸ್ಸಿನಲ್ಲಿ ಹಲವು ತಳಿಗಳಿವೆ, ಎಲ್ಲವೂ ಒಟ್ಟಿಗೆ ಬಂದಿರುವುದು ಅಪರೂಪ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಸುಮಾರು 70% ಬರುವುದು 16 ಮತ್ತು 18ನೇ ತಳಿಗಳಿಂದ. ಲಸಿಕೆ ಇವೆರಡನ್ನೂ ತಡೆಯುತ್ತದೆ, ಉಳಿದವನ್ನೆಲ್ಲ ಅಲ್ಲ. ಅದಕ್ಕೇ ಪುಟ್ಟಿ, ಮುಂದೆ ಸ್ಕ್ರೀನಿಂಗ್ ಟೆಸ್ಟ್, ಅಂದರೆ ಲಕ್ಷಣ ಕಾಣುವ ಮುಂಚೆಯೇ ಗರ್ಭಕಂಠದ ತಪಾಸಣೆ, ಮಾಡಿಸುವುದನ್ನ ಬಿಡಬೇಡ.

ದೊಡ್ಡಪ್ಪ: ನನಗಿನ್ನೂ ಅನುಮಾನ ಇದೆ.

ನಾನು: ಇರಲಿ. ನಿಮ್ಮ ಡಾಕ್ಟರನ್ನೇ ಕೇಳಿ. ಫಾರ್ವರ್ಡ್ ಮಾತ್ರ ಡಿಲೀಟ್ ಮಾಡಿ.

ಪುಟ್ಟಿ: ನನಗೆ ಎಷ್ಟು ಡೋಸ್?

ನಾನು: 21 ದಾಟಿದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆಲವು ಕಡೆ ಮೂರು ಕೊಡುತ್ತಾರೆ. ಹಾಕಿಸಿಕೊಂಡ ಮೇಲೆ 15 ನಿಮಿಷ ಕೂತಿರು, ಕೆಲವರಿಗೆ ತಲೆ ಸುತ್ತುತ್ತದೆ.

ತಮ್ಮ: ನಾನೂ ಜೊತೆಗೆ ಬರ್ತೀನಿ.

ಪುಟ್ಟಿ: ಬಾ. ಸೂಜಿ ನೋಡಿ ಮೊದಲು ಬೀಳೋನು ನೀನೇ.