ಅಪ್‌ಡೇಟ್: ಎಲೆಕ್ಟ್ರಿಕ್ ವಾಟರ್ ಪಂಪ್ ಹಾಕಿಸಿದೆ

ದಾವಣಗೆರೆ ಪಿ.ಬಿ. ರಸ್ತೆ ಟ್ರಾಫಿಕ್‌ನಲ್ಲಿ ನಿಂತರೆ ಸಾಕು, ನನ್ನ ಹಳೇ ಕಾರು ಬಿಸಿಯಾಗುತ್ತದೆ, ಇಂಜಿನ್ ತಣ್ಣಗಿಡುವ ದ್ರವವನ್ನು (ಕೂಲಂಟ್) ಓಡಿಸುವ, ಬೆಲ್ಟ್‌ನಿಂದ ತಿರುಗುವ ವಾಟರ್ ಪಂಪ್ ಬದಲು ಎಲೆಕ್ಟ್ರಿಕ್ ಹಾಕಬಹುದಾ ಅಂತ ಕೇಳಿದ್ದೆನಲ್ಲ? ಹಾಕಿಸಿದ್ದಾಯಿತು.

ಹಳೇ ಪಂಪಿನ ಬಾಡಿ ಅಲ್ಲೇ ಇದೆ, ಒಳಗಿನ ಇಂಪೆಲ್ಲರ್ (ಕೂಲಂಟ್ ತಳ್ಳುವ ರೆಕ್ಕೆಚಕ್ರ) ಮಾತ್ರ ತೆಗೆದರು. ಅದೇ ಬೆಲ್ಟ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ತಿರುಗಿಸಬೇಕಲ್ವಾ, ಹಾಗಾಗಿ ಪುಲ್ಲಿ ಉಳಿಸಿಕೊಂಡೆವು. ಹೊಸದು ರೇಡಿಯೇಟರ್‌ನ ಕೆಳಗಿನ ಹೋಸ್‌ನಲ್ಲಿ ಕೂತಿದೆ. ಕೂಲಂಟ್ ಬಿಸಿಯಾದಾಗ ತೆರೆಯುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ಈಗ ಇಲ್ಲ; ಸೆನ್ಸರ್ ನೋಡಿಕೊಂಡು ಕಂಟ್ರೋಲರ್ ಪಂಪಿನ ವೇಗ ಬದಲಿಸುತ್ತದೆ. ಇಂಜಿನ್ ಐಡಲ್‌ನಲ್ಲಿದ್ದರೂ ಕೂಲಂಟ್ ಜೋರಾಗಿ ಓಡುತ್ತದೆ, ಟೆಂಪರೇಚರ್ ಮೀಟರಿನ ಮುಳ್ಳು ಮೇಲೇರುತ್ತಿಲ್ಲ. ಇಂಜಿನ್ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತದೆ. ಪಕ್ಕದ ಮನೆಯವರು ಏನೋ ಕೆಟ್ಟಿದೆ ಅಂದುಕೊಂಡರು!

ಚಿತ್ರದುರ್ಗದ ಹೈವೇಯಲ್ಲಿ ಮಾತ್ರ ಏನೂ ವ್ಯತ್ಯಾಸವಿಲ್ಲ. ಮೈಲೇಜ್ ಜಾಸ್ತಿ ಆಗುತ್ತದೆ ಅಂದಿದ್ದಿರಿ, ನನಗಂತೂ ಕಾಣಲಿಲ್ಲ. ಫ್ಯೂಸ್ ಹೋದರೆ ಪಂಪೇ ನಿಲ್ಲುತ್ತದೆ, ಅದಕ್ಕೇ ಬೇರೆ ವಾರ್ನಿಂಗ್ ಲೈಟ್ ಹಾಕಿಸಿದ್ದೇನೆ.