ಬ್ರೇಕಿನ ‘ಪ್ರಪೋರ್ಷನಿಂಗ್ ವಾಲ್ವ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಕಲಾಸಿಪಾಳ್ಯದ ಬಳಿಯ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗಾಗಿ, ಹಳೆಯ ಕಾರಿನಲ್ಲಿ ಪ್ರಪೋರ್ಷನಿಂಗ್ ವಾಲ್ವ್ ಬದಲಿಸುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದುಕೊಡುತ್ತಿದ್ದೇನೆ. ಅದು ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಜೋರಾಗಿ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರಾಗುವುದರಿಂದ, ಅವು ಉರುಳುವುದನ್ನು ಬಿಟ್ಟು ಜಾರತೊಡಗಿ ಕಾರು ಅಡ್ಡ ತಿರುಗದಂತೆ, ಹಿಂದಿನ ಬ್ರೇಕಿನ ಒತ್ತಡವನ್ನು ಈ ಬಿಡಿಭಾಗ ಹಿಡಿತದಲ್ಲಿಡುತ್ತದೆ. ನಾನು ‘ಅನುಪಾತ ಕವಾಟ’ ಎಂದು ಬರೆದಿದ್ದೆ. ಹಿರಿಯ ಮೆಕ್ಯಾನಿಕ್ ಅದನ್ನು ಓದಿ, ‘ಇದು ಹೃದಯದ ಆಪರೇಷನ್ನೇ?’ ಎಂದರು. ತಕ್ಕ ಪದವಿದ್ದರೆ ಇಂದೇ ತಿಳಿಸಬೇಕಾಗಿ ವಿನಂತಿ.

ಉತ್ತರ:

ಕವಾಟಕ್ಕಿಂತ ದೊಡ್ಡ ತಪ್ಪು ಅನುಪಾತದಲ್ಲಿದೆ. ಈ ವಾಲ್ವ್ ಒಂದೇ ಅನುಪಾತವನ್ನು ಕಾಯುವುದಿಲ್ಲ. ಒತ್ತಡ ಒಂದು ಮಟ್ಟ ಮುಟ್ಟುವವರೆಗೆ ಹಿಂದಕ್ಕೂ ಮುಂದಕ್ಕೂ ಸಮನಾಗಿ ಬಿಟ್ಟು, ಅಲ್ಲಿಂದಾಚೆಗೆ ಹಿಂದಿನದರ ಏರಿಕೆಯನ್ನಷ್ಟೇ ನಿಧಾನಗೊಳಿಸುತ್ತದೆ. ಹಿಂದಿನ ಆಕ್ಸಲ್‌ಗೆ ಕೊಂಡಿ ಹಾಕಿದ ಬಗೆಯಲ್ಲಂತೂ ಹೇರಿದ ಹೊರೆಗೆ ತಕ್ಕಂತೆ ಆ ಮಟ್ಟವೇ ಬದಲಾಗುತ್ತದೆ. ಊರಿನ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಕೆರೆಯ ತೂಬನ್ನು ನೋಡಿಕೊಳ್ಳುತ್ತಿದ್ದುದು ಹೀಗೆಯೇ ಅಲ್ಲವೇ? ಮನೆಯಲ್ಲೇ ಪದವಿರುವಾಗ ಸಂಸ್ಕೃತದ ಬಾಗಿಲು ತಟ್ಟುವುದೇಕೆ? ‘ಒತ್ತುದೂಬು’ ಎನ್ನಿ. ಬೆಟ್ಟದಾವರೆಯಲ್ಲಿ ತಾವರೆ ದಾವರೆಯಾದಂತೆ ಇಲ್ಲಿ ತೂಬು ದೂಬಾಗುತ್ತದೆ. ‘ಒತ್ತುತೂಬು’ ಎಂದು ದಯವಿಟ್ಟು ಅಚ್ಚು ಹಾಕಿಸಬೇಡಿ. ‘ವಾಲ್ವ್’ ಎಂದೇ ಇರಲಿ ಎನ್ನುವವರೊಡನೆ ನನಗೆ ಚರ್ಚೆಯಿಲ್ಲ.

ಮತ್ತೊಂದು ಉತ್ತರ:

ಚರ್ಚೆ ಬೇಡವೆಂದವರು ತಮ್ಮ ವಿವರಣೆಯ ಮೊದಲ ಸಾಲುಗಳಲ್ಲೇ ‘ಈ ವಾಲ್ವ್’ ಎಂದು ಬರೆದಿದ್ದಾರೆ! ತೂಬು ನೀರನ್ನು ಹೊರಬಿಡುವ ಕಂಡಿ. ಬ್ರೇಕಿನ ದ್ರವ ಹೊರಬಂದರೆ ಅಪಾಯ. ಸಂಧಿ ಸರಿಯಾಗಿದ್ದ ಮಾತ್ರಕ್ಕೆ ಪದ ಸರಿಯಾಗದು. ಒತ್ತುದೂಬು ಕೊಡಿ ಎಂದು ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಕೇಳಿದ ಹುಡುಗ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಬ್ರೇಕಿಗೆ ಹಾಕುವ ಡಾಟ್ 3 ದ್ರವ ಗ್ಲೈಕಾಲ್ ಎಂಬ ರಾಸಾಯನಿಕ ಮೂಲದ್ದು, ಎಣ್ಣೆಯೇ ಅಲ್ಲ. ಆದರೂ ಊರೆಲ್ಲ ‘ಬ್ರೇಕ್ ಆಯಿಲ್’ ಎನ್ನುತ್ತದೆ, ಕೆಲಸ ನಿಂತಿಲ್ಲ. ಶೀರ್ಷಿಕೆಯಲ್ಲಿ ‘ಪ್ರಪೋರ್ಷನಿಂಗ್ ವಾಲ್ವ್’ ಎಂದೇ ಇಟ್ಟು, ಕೆಳಗೆ ‘ಹಿಂದಿನ ಬ್ರೇಕಿನ ಒತ್ತಡವನ್ನು ಮಿತಿಯಲ್ಲಿಡುವ ವಾಲ್ವ್’ ಎಂದು ಒಮ್ಮೆ ವಿವರಿಸಿದರೆ ಸಾಕು. ಪೈಪು ಬಿಚ್ಚಿ ಹೊಸದನ್ನು ಕೂರಿಸಿದ ಮೇಲೆ ಬ್ಲೀಡಿಂಗ್ ಮಾಡದೆ, ಅಂದರೆ ಪೈಪಿನೊಳಗೆ ಸೇರಿದ ಗಾಳಿಯನ್ನು ಹೊರತೆಗೆಯದೆ, ಗಾಡಿ ಹೊರಡಿಸಬಾರದೆಂಬುದನ್ನು ದಪ್ಪಕ್ಷರದಲ್ಲಿ ಹಾಕಿಸಿ. ಅದಕ್ಕೆ ಗ್ಯಾರೇಜಿನವರು ‘ಏರ್ ತೆಗೆಯುವುದು’ ಎನ್ನುತ್ತಾರೆ, ಹಾಗೆಯೇ ಬರೆಯಿರಿ. ನಿಘಂಟು ನೋಡಿ ‘ರಕ್ತಸ್ರಾವ’ ಎಂದು ಬರೆದೀರಿ, ಆಗ ಆ ಮೆಕ್ಯಾನಿಕ್ ಹೇಳಿದ್ದೇ ನಿಜವಾದೀತು.