ಅಸ್ತಮಾ ಇದ್ದವರು ಚಳಿಯ ಬೆಳಗಿನಲ್ಲಿ ಓಡಬಹುದೇ?

ಜಯನಗರದವಳು: ಡಿಸೆಂಬರಿನಲ್ಲಿ ಲಾಲ್‌ಬಾಗ್‌ಗೆ ಓಡಲು ಹೋದರೆ ಬಂಡೆ ತಲುಪುವಷ್ಟರಲ್ಲಿ ಎದೆ ಬಿಗಿದು ಸುಂಯ್‌ಗುಡುತ್ತದೆ. "ಸುಮ್ಮನೆ ಮನೆಯಲ್ಲಿರಮ್ಮ" ಎನ್ನುತ್ತಾರೆ ಅತ್ತೆ. ಓಟ ಬಿಟ್ಟುಬಿಡಲೇ?

ಹಳೆಯ ಓಟಗಾರ: ಖಂಡಿತ ಬೇಡ. ಮ್ಯಾರಥಾನಿನಲ್ಲಿ ವಿಶ್ವದಾಖಲೆ ಮಾಡಿದ ಪೌಲಾ ರಾಡ್‌ಕ್ಲಿಫ್ ಅವರಿಗೂ ಅಸ್ತಮಾ ಇದೆ; ಅವರ ಅತ್ತೆ ಏನೆಂದರೋ ಗೊತ್ತಿಲ್ಲ! ಏದುತ್ತಾ ಬಾಯಿಂದ ಎಳೆದುಕೊಳ್ಳುವ ತಣ್ಣನೆಯ ಒಣಗಾಳಿ ಶ್ವಾಸನಾಳದ ತೇವ ಹೀರುತ್ತದೆ, ನಾಳ ಸಂಕುಚಿಸುತ್ತದೆ. ನನ್ನ ವೈದ್ಯರು ಓಟಕ್ಕೆ 15 ನಿಮಿಷ ಮೊದಲು, ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಇನ್‌ಹೇಲರ್ ತೆಗೆದುಕೊಳ್ಳಲು ಹೇಳಿದ್ದಾರೆ. ನಿಮ್ಮ ವೈದ್ಯರನ್ನೂ ಕೇಳಿ. ಆಮೇಲೆ ಹತ್ತು ನಿಮಿಷ ನಡಿಗೆ, ನಡುನಡುವೆ ತುಸು ಚುರುಕು. ಮೂಗು, ಬಾಯಿಗೆ ತೆಳುವಾದ ಹತ್ತಿಯ ದುಪಟ್ಟಾ ಸುತ್ತಿದರೆ ಒಳಹೋಗುವ ಗಾಳಿ ಬೆಚ್ಚಗಾಗುತ್ತದೆ. ಇನ್‌ಹೇಲರ್ ಜೇಬಿನಲ್ಲಿರಲಿ, ಸ್ಕೂಟರಿನ ಡಿಕ್ಕಿಯಲ್ಲಲ್ಲ.

ಧಾರವಾಡದ ಮೇಷ್ಟ್ರು: ಕಾಂಗ್ರೆಸ್ ಗಿಡ ಬೆಳೆದ ಖಾಲಿ ನಿವೇಶನಗಳ ಪಕ್ಕ ಮಾತ್ರ ಓಡಬೇಡಿ; ಅದರ ಪರಾಗ ಅಸ್ತಮಾ ಕೆರಳಿಸಬಹುದು.

ಶುಶ್ರೂಷಕಿ: ದಿನನಿತ್ಯದ ಸ್ಟೀರಾಯ್ಡ್ ಇನ್‌ಹೇಲರ್ ಬರೆದುಕೊಟ್ಟಿದ್ದರೆ ಅದನ್ನು ತಪ್ಪಿಸುತ್ತಿಲ್ಲ ತಾನೇ? ಪ್ರತಿ ಸಲ ಸುಂಯ್‌ಗುಟ್ಟಿದರೆ ರೋಗ ಹತೋಟಿಯಲ್ಲಿಲ್ಲ ಎಂದೇ ಅರ್ಥವಿರಬಹುದು. ಎದೆ ಬಿಗಿದ ಕೂಡಲೇ ನಿಲ್ಲಿ. ಸಾಲ್ಬುಟಮಾಲ್ ಇನ್‌ಹೇಲರ್‌ಗೂ ಬಗ್ಗದೆ, ಒಂದು ವಾಕ್ಯ ಮುಗಿಸಲೂ ಉಸಿರು ಸಾಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಜಯನಗರದವಳು: ಇನ್‌ಹೇಲರ್ ಡಿಕ್ಕಿಯಲ್ಲೇ ಇರುತ್ತದೆ ಎಂದು ನಿಮಗೆ ಹೇಗೆ ತಿಳಿಯಿತು?